ದೊಡ್ಡಕ್ಕನ ಪಿಕ್ ಅಪ್

ದೊಡ್ಡಕ್ಕನಿಗೆ ಇಂಗ್ಲಿಷ್ ಬರುವುದಿಲ್ಲ ಎಂದರೆ ಸುಳ್ಳಾಗುತ್ತದೆ. ಬರುತ್ತದೆ ಎಂದರೆ ಅದಕ್ಕಿಂತ ದೊಡ್ಡ ಸುಳ್ಳಾಗುತ್ತದೆ. ಅವಳಿಗೆ ಬರುತ್ತಿದ್ದದ್ದು ಒಂದೇ ಒಂದು ಮಾತು, ಅದೂ ಪೂರ್ತಿಯಲ್ಲ: ಪಿಕ್ ಅಪ್.

ಹನ್ನೆರಡು ವರ್ಷದಿಂದ ಅವಳು ಒಂದು ಡೇ ಕೇರ್‌ನಲ್ಲಿ ಕೆಲಸಕ್ಕಿದ್ದಳು. ಎರಡಂತಸ್ತಿನ ಮನೆಯೊಂದರ ಕೆಳಗಿನ ಭಾಗ ಅದು. ಮುಂದೆ ಹಸಿರು ಬಣ್ಣದ ಕಬ್ಬಿಣದ ಗೇಟು, ಒಳಗೆ ಒಂದು ಮೇಜು, ಮೇಜಿನ ಮೇಲೆ ದಾರ ಕಟ್ಟಿದ ಪೆನ್ನು ಮತ್ತು ಒಂದು ರಿಜಿಸ್ಟರು. ರಿಜಿಸ್ಟರಿನ ರಟ್ಟಿನ ಮೇಲೆ ಡೇ ಕೇರ್ ನಡೆಸುವ ಮೇಡಂ ದಪ್ಪ ಅಕ್ಷರದಲ್ಲಿ ಬರೆದದ್ದು ಅವೇ ಎರಡು ಪದ. ಸಂಜೆ ನಾಲ್ಕೂವರೆಯಿಂದ ಆರೂವರೆಯೊಳಗೆ ತಾಯಿಯೋ ತಂದೆಯೋ ಅಜ್ಜನೋ ಬಂದು, ಸಹಿ ಹಾಕಿ, ಮಗುವನ್ನು ಕರೆದುಕೊಂಡು ಹೋಗಬೇಕು. ಅದಕ್ಕೆ ಪಿಕ್ ಅಪ್ ಎನ್ನುತ್ತಾರೆಂದು ದೊಡ್ಡಕ್ಕ ಮೊದಲ ವಾರದಲ್ಲೇ ತಿಳಿದುಕೊಂಡಳು. ಸರಿ, ಒಂದು ಪದ ಬಂತು, ಇನ್ನು ನಾಳೆ ಇನ್ನೊಂದು ಎಂದುಕೊಂಡಳು.

ಆದರೆ ಆ ಒಂದೇ ಮುಗಿಯಲಿಲ್ಲ. ಒಂದು ಸಂಜೆ ತಂದೆಯೊಬ್ಬ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು, ಹೆಂಡತಿ ಪಿಕ್ ಅಪ್ ಮಾಡುತ್ತಲೇ ಇಲ್ಲ ಎಂದು ಗೊಣಗಿದ. ಮಗು ಇವನ ಕಂಕುಳಲ್ಲೇ ಇದೆಯಲ್ಲ, ಇನ್ನು ಅವಳೇನು ಮಾಡಬೇಕಿತ್ತು ಎಂದು ದೊಡ್ಡಕ್ಕ ರಾತ್ರಿ ಊಟದವರೆಗೂ ಯೋಚಿಸಿದಳು. ಫೋನ್ ಎತ್ತುವುದಕ್ಕೂ ಅದೇ ಮಾತಂತೆ. ಮತ್ತೊಬ್ಬ ತಾಯಿ, ನೆಲದ ಮೇಲೆ ಚೆಲ್ಲಾಡಿದ ಆಟದ ಸಾಮಾನು ಪಿಕ್ ಅಪ್ ಮಾಡು ಎಂದು ಮಗನಿಗೆ ಗದರಿದಳು. ಇನ್ನೊಬ್ಬಳು ಮಗುವಿನ ಮೂಗು ಒರೆಸುತ್ತ, ಈ ನೆಗಡಿಯನ್ನು ಇಲ್ಲೇ ಎಲ್ಲೋ ಪಿಕ್ ಅಪ್ ಮಾಡಿದ್ದಾನೆ ಎಂದು ಚಾಪೆಯ ಕಡೆ ಅನುಮಾನದಿಂದ ನೋಡಿದಳು, ಚಾಪೆಯೇ ಸೀನಿದೆಯೋ ಎಂಬಂತೆ. ಮಗನನ್ನು ಕರೆದೊಯ್ಯಲು ಬರುವ ಚಪ್ಪಲಿ ಅಂಗಡಿಯವನ ವ್ಯಾಪಾರ ಚುರುಕಾಗಿ ಪಿಕ್ ಅಪ್ ಆಯಿತು. ಎರಡು ವರ್ಷದ ಹುಡುಗಿ, ಎಲ್ಲರೂ ಚಿಟ್ಟೆ ಎಂದು ಕರೆಯುವವಳು, ಎಲ್ಲಿಂದಲೋ ಒಂದು ಬೈಗುಳ ಪಿಕ್ ಅಪ್ ಮಾಡಿದಳು, ಅವಳಮ್ಮ ಹುಬ್ಬು ಗಂಟಿಕ್ಕಿ ದೊಡ್ಡಕ್ಕನನ್ನೇ ನೋಡಿದಾಗ ದೊಡ್ಡಕ್ಕ, "ನಂದಲ್ಲಮ್ಮಾ ಅದು. ನಾನು ಬೈದ್ರೆ ಇಷ್ಟು ಸಪ್ಪೆಯಾಗಿರಲ್ಲ" ಎಂದಳು.

ಔಷಧಿ ಕಂಪನಿಯವರು ಹಂಚಿದ ಹಳೆಯ ಡೈರಿಯೊಂದರಲ್ಲಿ ಇದನ್ನೆಲ್ಲ ಅವಳು ಬರೆದಿಡುತ್ತಿದ್ದಳು. ಯಾರು ಅಂದರು, ಯಾವಾಗ ಅಂದರು, ಮುಖ ಹೇಗಿತ್ತು, ಅದರಿಂದ ತನಗೆ ಏನು ತಿಳಿಯಿತು. ಇಂಗ್ಲಿಷ್ ಮಾತಾಡಬೇಕೆಂಬ ಹುಚ್ಚು ಅವಳಿಗಿರಲಿಲ್ಲ. ತನ್ನ ತಲೆಯ ಮೇಲಿಂದ ಹಾರಿಹೋಗುವ ಮಾತು ಮಗುವಿನ ವಿಷಯದ್ದೇ ಆಗಿದ್ದರೆ ಅದು ತನಗೆ ತಿಳಿಯದೆ ಹೋಗಬಾರದು, ಅಷ್ಟೆ.

ಮಗುವನ್ನು ಒಪ್ಪಿಸುವುದಕ್ಕೆ ದೊಡ್ಡಕ್ಕನದೇ ಒಂದು ಬಗೆಯಿತ್ತು. ಬಂದವರ ಕೈಗೆ ಮಗುವನ್ನು ಸುಮ್ಮನೆ ಕೊಟ್ಟುಬಿಡುತ್ತಿರಲಿಲ್ಲ. ತನ್ನ ತೋಳಿನಲ್ಲೇ ಹಿಡಿದುಕೊಂಡು, ತಲೆಯಿಂದ ಶುರುಮಾಡಿ ಕಾಲಿನವರೆಗೆ ಇಡೀ ದಿನದ ವರದಿಯನ್ನು ಒಂದೇ ಉಸಿರಿಗೆ ಒಪ್ಪಿಸುತ್ತಿದ್ದಳು.

"ತಲೆ ತಣ್ಣಗಿದೆ. ಕಣ್ಣು ಮಧ್ಯಾಹ್ನ ಉಜ್ಜಿಕೊಂಡ, ನಿದ್ದೆಗೆ, ಬೇರೇನಿಲ್ಲ. ಮೂಗಲ್ಲಿ ನೀರು, ಬೆಳ್ಳಗಿದೆ, ಹಳದಿ ಅಲ್ಲ. ಬಾಯಲ್ಲಿ ಕೆಳಗಡೆ ಒಂದು ಹಲ್ಲು ಮೊಳಕೆ ಒಡೀತಿದೆ, ಬೆರಳಿಟ್ಟು ನೋಡಿದೆ, ಕಚ್ಚಿದ. ಹಾಲು ಎರಡು ಬಾಟ್ಲಿ. ಬಾಳೆಹಣ್ಣು ಅರ್ಧ ಹೊಟ್ಟೆಗೆ, ಇನ್ನರ್ಧ ನನ್ನ ತಲೆಗೆ. ಹಿಂದುಗಡೆ ಕೆಂಪಿಲ್ಲ. ಮಂಡಿ ತರಚಿದೆ, ಹೊಸ್ತಿಲು ಎಡವಿದ, ಅಳ್ಲಿಲ್ಲ. ಪಾದ ಸರಿ. ತಗೊಳ್ಳಿ ನಿಮ್ಮ ಸೊತ್ತು."

ಆಮೇಲೆಯೇ ಮಗು ಕೈಬದಲಾಗುವುದು. ಕೆಲವರು ಗಡಿಯಾರ ನೋಡಿಕೊಳ್ಳುತ್ತಿದ್ದರು, ಕೆಲವರು ನಗುತ್ತಿದ್ದರು. ಆದರೆ ಕೇಳದೆ ಹೋದವರು ಯಾರೂ ಇರಲಿಲ್ಲ.

ಇದನ್ನು ಅವಳಿಗೆ ಯಾರೂ ಕಲಿಸಿದ್ದಲ್ಲ. ತನ್ನ ಮಗಳು ಒಂಬತ್ತು ತಿಂಗಳಿದ್ದಾಗ ದೊಡ್ಡಕ್ಕ ಒಂದು ಬಟ್ಟೆ ಕಾರ್ಖಾನೆಗೆ ಗುಂಡಿ ಹೊಲಿಯಲು ಹೋಗುತ್ತಿದ್ದಳು, ಮಗು ಪಕ್ಕದ ಮನೆಯ ಹೆಂಗಸಿನ ಹತ್ತಿರ. ಆಕೆ ಒಳ್ಳೆಯವಳೇ. ಆದರೆ ಸಂಜೆ ಹೋಗಿ ಕೇಳಿದರೆ ಹೇಳುತ್ತಿದ್ದದ್ದು ಒಂದೇ ಮಾತು: "ಚೆನ್ನಾಗಿದ್ಲು." ನಾಲ್ಕು ಅಕ್ಷರ, ಹೆಚ್ಚಿಲ್ಲ, ಕಡಿಮೆಯಿಲ್ಲ. ದೊಡ್ಡಕ್ಕ ಮನೆಗೆ ಬಂದು ಮಗುವಿನ ಬಟ್ಟೆ ಬಿಚ್ಚಿ, ಬಲ್ಬಿನ ಕೆಳಗೆ ಮಲಗಿಸಿ, ಮೈಯೆಲ್ಲ ಹುಡುಕುತ್ತಿದ್ದಳು. ಈ ಕೆಂಪು ಸೊಳ್ಳೆಯದೋ, ಬೇರೆಯದೋ? ಹೊಟ್ಟೆ ಬಿಗಿಯಾಗಿದೆಯಲ್ಲ, ಏನು ತಿನ್ನಿಸಿದರು? ಇಷ್ಟು ಬೇಗ ನಿದ್ದೆಗೆ ಜಾರುತ್ತಿದ್ದಾಳಲ್ಲ, ಹಗಲು ಅತ್ತು ಅತ್ತು ಸುಸ್ತಾದಳೋ? ತಾನು ಇಲ್ಲದ ಒಂಬತ್ತು ಗಂಟೆಗಳು ಮಗುವಿನ ಮೈಯಲ್ಲಿ ಎಲ್ಲೋ ಬಚ್ಚಿಟ್ಟುಕೊಂಡಿವೆ, ತನಗೆ ಸಿಗುತ್ತಿಲ್ಲ ಎನ್ನಿಸುತ್ತಿತ್ತು. ಯಾವ ತಾಯಿಗೂ ಹಾಗೆ ಹುಡುಕುವ ಪಾಡು ಬರಬಾರದೆಂದು ಡೇ ಕೇರ್‌ಗೆ ಸೇರಿದ ದಿನವೇ ತೀರ್ಮಾನಿಸಿದ್ದಳು.

ಹೀಗಿರುವಾಗ ಎದುರು ಬೀದಿಯಲ್ಲಿ ಹೊಸ ಡೇ ಕೇರ್ ಶುರುವಾಯಿತು. ಗೋಡೆ ತುಂಬ ಬಣ್ಣದ ಆನೆ, ಜಿರಾಫೆ. ಒಂದೇ ತಿಂಗಳಲ್ಲಿ ಇಲ್ಲಿಂದ ಒಂಬತ್ತು ಮಕ್ಕಳು ಅಲ್ಲಿಗೆ ಹೋದವು. ಮೇಡಂ ಕೆಟ್ಟವರಲ್ಲ, ಆದರೆ ಹೆದರಿದ್ದರು. ಹೆದರಿದವರು ಮಾಡುವಂತೆ ಒಂದು ನಿಯಮ ಮಾಡಿದರು.

"ಅಲ್ಲಿ ಆಯಾಗಳೂ ಇಂಗ್ಲಿಷ್ ಮಾತಾಡ್ತಾರಂತೆ" ಎಂದರು, ಶನಿವಾರ ಎಲ್ಲರನ್ನೂ ಕೂರಿಸಿಕೊಂಡು. "ಸೋಮವಾರದಿಂದ ಗೇಟಲ್ಲಿ ಇಂಗ್ಲಿಷ್ ಮಾತ್ರ. ಒಂದು ವಾರ ನಾನೇ ಮೇಜಿನ ಹತ್ತಿರ ನಿಂತು ನೋಡ್ತೀನಿ. ಆಮೇಲೆ ಗೇಟಿಗೆ ಯಾರು, ಹಿಂದಿನ ರೂಮಿಗೆ ಯಾರು ಅಂತ ಹೇಳ್ತೀನಿ."

ಹಿಂದಿನ ರೂಮು ಎಂದರೆ ಬಾಟಲಿ ಕುದಿಸುವುದು, ಬಟ್ಟೆ ಒಗೆಯುವುದು. ಅಲ್ಲಿ ಮಕ್ಕಳ ಮುಖ ಕಾಣುವುದಿಲ್ಲ, ಅಪ್ಪ ಅಮ್ಮಂದಿರದೂ ಕಾಣುವುದಿಲ್ಲ. ಗೇಟು ಹೋದರೆ ದೊಡ್ಡಕ್ಕನ ಕೆಲಸದಲ್ಲಿ ಉಳಿಯುವುದು ಸೋಪಿನ ನೊರೆ ಮಾತ್ರ.

ಪಕ್ಕದಲ್ಲಿ ಕೂತಿದ್ದ ಚಿಕ್ಕಕ್ಕ ಅವಳ ಮೊಣಕೈ ತಿವಿದಳು. ಇಪ್ಪತ್ತೆರಡರ ಹುಡುಗಿ ಅವಳು, ಕೆಲಸಕ್ಕೆ ಸೇರಿ ಆರು ತಿಂಗಳು, ಇಂಗ್ಲಿಷ್ ಶಾಲೆಯಲ್ಲಿ ಓದಿದವಳು. "ನಿಮ್ಮತ್ರ ಪಿಕ್ ಅಪ್ ಇದೆಯಲ್ಲ ದೊಡ್ಡಕ್ಕ, ಅದನ್ನೇ ಬೇಯಿಸಿ, ಹುರಿದು, ಒಗ್ಗರಣೆ ಹಾಕಿ ಬಡಿಸಿ."

"ನಗು ನಗು. ನಿಂಗೂ ವಯಸ್ಸಾಗುತ್ತೆ."

ಭಾನುವಾರ ಮನೆಯಲ್ಲಿ ಪಾಠ ನಡೆಯಿತು. ಮಗಳು ಈಗ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ತನ್ನ ಹಳೆಯ ನಿಘಂಟನ್ನು ತಂದು ಅಮ್ಮನ ಮುಂದಿಟ್ಟಳು. ಪಿಕ್ ಅಪ್ ಇದ್ದ ಪುಟ ತೆಗೆದಾಗ ದೊಡ್ಡಕ್ಕನ ಡೈರಿಯಲ್ಲಿ ಇಲ್ಲದವು ಅಲ್ಲಿ ಇನ್ನೂ ಅಷ್ಟಿದ್ದವು. ನಿಂತ ಕೆಲಸವನ್ನು ಮತ್ತೆ ಶುರುಮಾಡುವುದು, ಬಿದ್ದವನು ಎದ್ದುಕೊಳ್ಳುವುದು, ದೂರದ ಸದ್ದು ಕಿವಿಗೆ ಸಿಕ್ಕುವುದು, ಪೊಲೀಸರು ಹಿಡಿದೊಯ್ಯುವುದು.

ಗಂಡ ಬೈಕ್ ಮೆಕ್ಯಾನಿಕ್. ಉಗುರಿನ ಸಂದಿನ ಗ್ರೀಸನ್ನು ಕಡ್ಡಿಯಿಂದ ತೆಗೆಯುತ್ತ ಕೂತಿದ್ದವನು ಮಾತಿಗೆ ಬಂದ. "ಇದಕ್ಕೆ ಬುಕ್ಕು ಬೇಕಾ? ಗಾಡಿ ಏರು ಹತ್ತಲ್ಲ ಅಂದ್ರೆ ಪಿಕಪ್ ಇಲ್ಲ ಅಂತ ಅರ್ಥ. ಕಾರ್ಬೊರೇಟರ್ ಬಿಚ್ಚಿ ಊದು, ಪಿಕಪ್ ಬರುತ್ತೆ. ಮೂವತ್ತು ವರ್ಷದಿಂದ ನಾನು ಮಾಡ್ತಿರೋದು ಅದೇ."

"ರೀ, ಮಗೂನ ಬಿಚ್ಚಿ ಊದೋಕಾಗುತ್ತಾ? ಸುಮ್ನಿರಿ."

"ಅಲ್ಲ ಕಣೇ, ಅವರದ್ದೇನು ಮಹಾ? ನಮ್ಮ 'ಹಿಡಿ' ಕಡಿಮೆನಾ? ಬಸ್ ಹಿಡಿತೀವಿ, ನೆಗಡಿ ಹಿಡಿಯುತ್ತೆ, ಹುಚ್ಚು ಹಿಡಿಯುತ್ತೆ, ಮಳೆ ಹಿಡ್ಕೊಳ್ಳುತ್ತೆ. ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತೆ. ನನ್ನನ್ನ ನಿಮ್ಮಪ್ಪ ಹಿಡಿದ."

ಮಗಳು ನಕ್ಕಳು. ದೊಡ್ಡಕ್ಕ ನಗಲಿಲ್ಲ, ಅವಳು ಯೋಚನೆಗೆ ಬಿದ್ದಿದ್ದಳು. 'ಹಿಡಿ'ಯ ಇಷ್ಟೂ ಅರ್ಥ ತನಗೆ ಯಾರು ಹೇಳಿಕೊಟ್ಟರು? ಯಾರೂ ಇಲ್ಲ. ಜ್ವರ ಬಂದಾಗ ಅಮ್ಮನ ಬಾಯಿಂದ, ಬಸ್ ತಪ್ಪಿದಾಗ ಅಪ್ಪನ ಬೈಗುಳದಿಂದ, ಒಂದೊಂದು ಅರ್ಥ ಒಂದೊಂದು ಗಾಯದ ಹಾಗೆ ಮೈಮೇಲೆ ಬಂದು ಕೂತಿದೆ. ಪಿಕ್ ಅಪ್ ಮಾತ್ರ ಎಷ್ಟು ಬರೆದರೂ ಡೈರಿಯಲ್ಲೇ ಉಳಿದಿದೆ. ನಲವತ್ತಾರರ ವಯಸ್ಸಿಗೆ, ಒಂದು ಭಾನುವಾರದಲ್ಲಿ, ಅದು ಮೈಗೆ ಇಳಿಯುತ್ತದೆಯೇ?

ಸೋಮವಾರ ಸಂಜೆ ಮೇಡಂ ಕೈಕಟ್ಟಿ ಮೇಜಿನ ಪಕ್ಕ ನಿಂತರು. ಮೊದಲು ಬಂದವನು ಚಪ್ಪಲಿ ಅಂಗಡಿಯವನು. ದೊಡ್ಡಕ್ಕನ ತೋಳಿನಲ್ಲಿ ಅವನ ಮಗ. ತಲೆ ತಣ್ಣಗಿದೆ ಎಂಬುದಕ್ಕೆ ಮಗಳು ಏನೋ ಹೇಳಿಕೊಟ್ಟಿದ್ದಳು, ಅದು ಗಂಟಲಿನವರೆಗೆ ಬಂದು ಕೂತುಬಿಟ್ಟಿತು.

"ಆಲ್ ಗುಡ್" ಎಂದಳು ದೊಡ್ಡಕ್ಕ. "ಈಟ್ ಗುಡ್. ಸ್ಲೀಪ್ ಗುಡ್."

ಅವನು ಥ್ಯಾಂಕ್ಸ್ ಎಂದು ಹೊರಟೇ ಹೋದ. ಮುಂದಿನವರು ಬಂದರು. ಅವರಿಗೂ ಅದೇ. ದಿನವೂ ಆರೂವರೆಯವರೆಗೆ ಎಳೆಯುತ್ತಿದ್ದ ಸಾಲು ಅಂದು ಆರಕ್ಕೆ ಹತ್ತು ನಿಮಿಷ ಇರುವಾಗಲೇ ಮುಗಿಯಿತು. ಮೇಡಂ ಅವಳ ಬೆನ್ನು ತಟ್ಟಿದರು. "ನೋಡಿ, ಬರಲ್ಲ ಬರಲ್ಲ ಅಂತಿದ್ರಿ!"

ಮಂಗಳವಾರ, ಬುಧವಾರ ಹೀಗೇ. ಬುಧವಾರ ಸಂಜೆ ಮೇಡಂ, "ನಿಮ್ಮನ್ನೇ ಗೇಟಿಗೆ ಇಟ್ಕೊಳ್ಳೋದು ಅಂತ ಅಂದ್ಕೊಂಡಿದೀನಿ, ದೊಡ್ಡಕ್ಕ. ಅಪ್ಪ ಅಮ್ಮಂದಿರಿಗೂ ಈಗ ಬೇಗ ಆಗ್ತಿದೆ" ಎಂದರು. ದೊಡ್ಡಕ್ಕನಿಗೆ ಖುಷಿಯಾಗಬೇಕಿತ್ತು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಲೆಕ್ಕ ಹಾಕಿದರೆ, ಮೂರು ದಿನದಲ್ಲಿ ಅವಳು ಯಾರಿಗೂ ಏನೂ ಹೇಳಿರಲಿಲ್ಲ. ಚಿಟ್ಟೆಯ ತೊಡೆ ಸಂದಿನ ಬೆವರುಗುಳ್ಳೆ, ದೊಡ್ಡಕ್ಕನೊಬ್ಬಳಿಗೇ ಗೊತ್ತು. ಅವಳಿ ಮಕ್ಕಳಲ್ಲಿ ಒಬ್ಬ ಎರಡು ದಿನದಿಂದ ಕಕ್ಕ ಮಾಡಿಲ್ಲ, ಅದೂ ಅವಳಿಗೇ ಗೊತ್ತು.

ಗುರುವಾರ ಗುಬ್ಬಿಯ ವಿಷಯ ಬಂತು.

ಗುಬ್ಬಿ ಎಂದರೆ ಹದಿನಾಲ್ಕು ತಿಂಗಳ ಹೆಣ್ಣುಮಗು. ಅದರ ತಾಯಿ ಹೊಸದಾಗಿ ಕೆಲಸಕ್ಕೆ ಮರಳಿದವಳು. ಒಂದು ಥರ್ಮಾಮೀಟರಿನ ಮೇಲೆ ನಂಬಿಕೆಯಿಲ್ಲದೆ ಚೀಲದಲ್ಲಿ ಎರಡು ಇಟ್ಟುಕೊಳ್ಳುವವಳು. ಮೊದಲೆಲ್ಲ ಗೇಟಿನಲ್ಲಿ ದೊಡ್ಡಕ್ಕನ ವರದಿ ಮುಗಿದ ಮೇಲೂ ಹತ್ತು ಪ್ರಶ್ನೆ ಕೇಳುತ್ತಿದ್ದಳು. ಬೇರೆಯವರು ಹಿಂದೆ ನಿಂತು ನಿಟ್ಟುಸಿರು ಬಿಡುತ್ತಿದ್ದರು, ದೊಡ್ಡಕ್ಕ ಹತ್ತಕ್ಕೂ ಉತ್ತರ ಕೊಡುತ್ತಿದ್ದಳು.

ಅಂದು ಬೆಳಗ್ಗೆ ಹನ್ನೊಂದರ ಹೊತ್ತಿಗೆ ಗುಬ್ಬಿ ಎಡಗಿವಿಯನ್ನು ಹಿಡಿದು ಎಳೆದುಕೊಂಡಿತು. ಒಂದು ಸಲವಾದರೆ ಆಟ. ಮಧ್ಯಾಹ್ನದೊಳಗೆ ನಾಲ್ಕು ಸಲವಾಯಿತು. ಕೂರಿಸಿ ಬಾಟಲಿ ಕೊಟ್ಟರೆ ಕುಡಿಯಿತು, ಮಲಗಿಸಿದರೆ ಚಿಟಾರನೆ ಕಿರುಚಿತು. ಎಡಕ್ಕೆ ಹೊರಳಿಸಿದರೆ ಇನ್ನೂ ಜೋರು. ಮೈ ಬಿಸಿಯಿರಲಿಲ್ಲ. ಹನ್ನೆರಡು ವರ್ಷದಲ್ಲಿ ಇಂಥ ಕಿವಿಗಳನ್ನು ದೊಡ್ಡಕ್ಕ ಬಹಳ ನೋಡಿದ್ದಳು: ಹಗಲು ಎಳೆದುಕೊಳ್ಳುತ್ತವೆ, ರಾತ್ರಿ ಜ್ವರ ಏರುತ್ತದೆ, ಹಲ್ಲು ಬರುತ್ತಿದೆ ಎಂದು ಮನೆಯವರು ಸುಮ್ಮನಿರುತ್ತಾರೆ, ಮೂರನೆಯ ದಿನ ದಿಂಬಿನ ಮೇಲೆ ಕೀವು.

ಸಂಜೆಯವರೆಗೂ ಅವಳು ಮನಸ್ಸಿನಲ್ಲೇ ವಾಕ್ಯ ಕಟ್ಟಿದಳು. ಕಿವಿಗೆ ಇಯರ್. ಅಷ್ಟು ಗೊತ್ತು. ಏನೋ ಸೋಂಕು ಅಂಟಿದೆ ಎನ್ನುವುದಕ್ಕೆ ಡೈರಿಯಲ್ಲಿರುವ ಅದೇ ಪಿಕ್ ಅಪ್ ಆಗುತ್ತದೆ. ಆದರೆ ಕೂರಿಸಿದರೆ ಸುಮ್ಮನಿದೆ, ಮಲಗಿಸಿದರೆ ಅಳುತ್ತದೆ, ಅದೇ ಮುಖ್ಯ. ಅದನ್ನು ಎಲ್ಲಿಂದ ತರುವುದು? ಚಿಕ್ಕಕ್ಕನನ್ನು ಕೇಳೋಣವೆಂದರೆ ಅವಳು ಅಂದು ರಜ.

ಐದೂಕಾಲಿಗೆ ಗುಬ್ಬಿಯ ತಾಯಿ ಬಂದಳು, ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡು. ಮೇಡಂ ಅಲ್ಲೇ ಇದ್ದರು. ಹಿಂದೆ ಮೂವರು ಕಾಯುತ್ತಿದ್ದರು. ತಾಯಿ ಫೋನನ್ನು ಕೆಳಗಿಳಿಸಿ, ಇಂಗ್ಲಿಷಿನಲ್ಲೇ, ಹೇಗಿದ್ದಳು ಎಂದು ಕೇಳಿದಳು. ಅವಳ ಕಣ್ಣು ದೊಡ್ಡಕ್ಕನ ಮುಖದ ಮೇಲೆ ಒಂದು ಕ್ಷಣ ಹೆಚ್ಚಾಗಿಯೇ ನಿಂತಿತು.

ದೊಡ್ಡಕ್ಕ ಬಾಯಿ ತೆರೆದಳು. ಕಟ್ಟಿದ್ದ ವಾಕ್ಯ ಎಳೆ ಎಳೆಯಾಗಿ ಬಿಚ್ಚಿಹೋಯಿತು.

"ಆಲ್ ಗುಡ್" ಎಂದಳು.

ಮಗು ಕೈಬದಲಾಯಿತು. ಆಟೋ ಹೊರಟಿತು.

ಆಮೇಲೆ ಬಂದವರಿಗೆ ಮಕ್ಕಳನ್ನು ಹೇಗೆ ಕೊಟ್ಟಳೋ ಅವಳಿಗೇ ಗೊತ್ತಿಲ್ಲ. ಆರೂವರೆಗೆ ರಿಜಿಸ್ಟರು ಮುಚ್ಚುವ ಮುಂಚೆ ಗುಬ್ಬಿಯ ಮನೆಯ ವಿಳಾಸ, ಫೋನ್ ನಂಬರು ಎರಡನ್ನೂ ಅಂಗೈ ಮೇಲೆ ಬರೆದುಕೊಂಡಳು. ಬಸ್ ನಿಲ್ದಾಣದಲ್ಲಿ ನಿಂತು ಫೋನ್ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಗೊತ್ತಿಲ್ಲದ ನಂಬರು, ಯಾರು ಎತ್ತುತ್ತಾರೆ? ಅವಳ ಬಸ್ ಬಂತು, ಬಾಗಿಲು ತೆರೆಯಿತು. ಕಂಡಕ್ಟರ್, "ಹತ್ತಮ್ಮಾ, ಪೂಜೆ ಮಾಡ್ಬೇಕಾ ನಿಂಗೆ?" ಎಂದ. ಮಕ್ಕಳ ಮನೆಗೆ ಕೆಲಸದವರು ಹೋಗಕೂಡದು ಎಂಬುದು ಮೇಡಂ ಮಾಡಿದ ಹಳೆಯ ನಿಯಮ. ಹಿಂದೊಮ್ಮೆ ಯಾರೋ ಹೋಗಿ ಏನೋ ಚಾಡಿ ಹೇಳಿ ದೊಡ್ಡ ರಾದ್ಧಾಂತವಾಗಿತ್ತು. ದೊಡ್ಡಕ್ಕ ಕಂಡಕ್ಟರಿಗೆ ಕೈಯಲ್ಲೇ ಹೋಗೆಂದು ಸನ್ನೆ ಮಾಡಿ, ಬಂದ ದಾರಿಯಲ್ಲೇ ತಿರುಗಿದಳು.

ಸ್ಟೇಷನರಿ ಅಂಗಡಿಯ ಮೇಲಿನ ಮಹಡಿ. ಮೆಟ್ಟಿಲು ಹತ್ತುವಾಗಲೇ ಅಳು ಕೇಳಿಸುತ್ತಿತ್ತು. ಬಾಗಿಲು ತೆರೆದ ತಾಯಿಯ ಹೆಗಲ ಮೇಲೆ ಗುಬ್ಬಿ, ಕೈಯಲ್ಲಿ ಥರ್ಮಾಮೀಟರು. ದೊಡ್ಡಕ್ಕನನ್ನು ಕಂಡದ್ದೇ ಅವಳ ಮುಖ ಬಿಳಿಚಿತು.

"ಏನಾಯ್ತು? ಬಿದ್ದಿದ್ಲಾ? ಏನಾದ್ರೂ ನುಂಗಿದ್ಲಾ?"

"ಏನೂ ನುಂಗಿಲ್ಲ, ಬಿದ್ದಿಲ್ಲ, ಗಾಬರಿ ಆಗ್ಬೇಡಿ. ಕೂತ್ಕೊಳ್ಳಿ. ಹೇಳೋದು ಬಾಕಿ ಇತ್ತು, ಹೇಳಿ ಹೋಗೋಣ ಅಂತ ಬಂದೆ."

ಅಲ್ಲೇ, ಚಪ್ಪಲಿ ಬಿಡುವ ಜಾಗದಲ್ಲೇ ನಿಂತು ಹೇಳಿದಳು. ತಲೆ ತಣ್ಣಗಿತ್ತು. ಕಣ್ಣು ಸರಿ. ಎಡಗಿವಿ ನಾಲ್ಕು ಸಲ ಎಳ್ಕೊಂಡ್ಲು, ಬಲಗಿವಿ ಮುಟ್ಟಿಲ್ಲ. ಕೂರಿಸಿದ್ರೆ ಕುಡಿದ್ಲು, ಮಲಗಿಸಿದ್ರೆ ಬಾಟ್ಲಿ ತಳ್ಳಿದ್ಲು, ಎಡಕ್ಕೆ ತಿರುಗಿಸಿದ್ರೆ ಜೀವ ಹೋದ ಹಾಗೆ ಅತ್ಲು. ಹಲ್ಲಲ್ಲ ಇದು, ಒಸಡು ನೋಡಿದೀನಿ, ಗಟ್ಟಿಯಾಗಿದೆ. ಕಾಲಿನವರೆಗೆ ಮುಗಿಸಿ, "ಡಾಕ್ಟರ ಹತ್ರ ಇವತ್ತೇ ಹೋಗಿ. ನಾಳೆ ಅನ್ಬೇಡಿ" ಎಂದಳು.

ತಾಯಿ ಕೇಳುತ್ತ ಕೇಳುತ್ತ ಮಗುವನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡಳು. ಮೊದಲು ಬಂದದ್ದು ಸಿಟ್ಟು. "ಹಲ್ಲು ಅಂತ ಈಗ ತಾನೇ ಜೆಲ್ ಹಚ್ಚಿದೆ ನಾನು. ಹನ್ನೊಂದು ಗಂಟೆಯಿಂದ ನೋಡಿದೀರಿ, ಗೇಟಲ್ಲಿ ನನ್ನ ಮುಖ ನೋಡ್ಕೊಂಡು ಗುಡ್ ಅಂದ್ರಲ್ಲ! ಯಾಕ್ರೀ?"

"ಇಂಗ್ಲಿಷಲ್ಲಿ ಬರ್ಲಿಲ್ಲಮ್ಮ."

"ನಂಗೆ ನಿಮ್ಮ ಇಂಗ್ಲಿಷ್ ಯಾಕೆ ಬೇಕು? ನಂಗೆ ಮಗು ವಿಷ್ಯ ಬೇಕು!"

ನಿಯಮ ಮೇಡಂದು, ಆದರೆ ಬಾಯಿ ದೊಡ್ಡಕ್ಕನದು. ಗೇಟು ಉಳಿಸಿಕೊಳ್ಳಲು ಹೋಗಿ, ಗೇಟಿನಲ್ಲಿ ನಿಂತು ಮಾಡಬೇಕಾದ ಕೆಲಸವನ್ನೇ ಬಿಟ್ಟಿದ್ದಳು. ಪಕ್ಕದ ಮನೆಯ ಆ ಹೆಂಗಸಿಗೂ ಅವಳಿಗೂ ಈಗ ಯಾವ ವ್ಯತ್ಯಾಸ?

ತಾಯಿಯ ಸಿಟ್ಟು ಬಹಳ ಹೊತ್ತು ನಿಲ್ಲಲಿಲ್ಲ. ಚೀಲಕ್ಕೆ ಬಟ್ಟೆ, ಬಾಟಲಿ, ಎರಡನೆಯ ಥರ್ಮಾಮೀಟರು ತುಂಬುತ್ತ ಹೇಳಿದಳು: "ನಾಲ್ಕು ದಿನದಿಂದ ನಂಗೂ ನಿದ್ದೆ ಇಲ್ಲ ದೊಡ್ಡಕ್ಕ. ಮನೆಗೆ ಬಂದು ಇವಳ ಮೈಯೆಲ್ಲ ನೋಡ್ತೀನಿ. ನಿಮ್ಮನ್ನ ಕೇಳ್ಬೇಕು ಅನ್ಸುತ್ತೆ. ಎಲ್ರೂ ಹಿಂದೆ ನಿಂತಿರ್ತಾರೆ, ಇಂಗ್ಲಿಷ್ ಮಾತ್ರ ಅಂತ ಬೋರ್ಡ್ ಬೇರೆ ಹಾಕಿದಾರೆ. ಇವಳೊಬ್ಬಳದ್ದೇ ಗೋಳು ಅಂದ್ಕೋತಾರೆ ಅಂತ ಸುಮ್ಮನಾದೆ."

"ಗೋಳು ಹೊಯ್ಕೊಳ್ಳಿ. ಅದಕ್ಕೇ ತಾಯಿ ಅನ್ನೋದು" ಎಂದಳು ದೊಡ್ಡಕ್ಕ. "ಕೊಡಿ ಇಲ್ಲಿ, ನಾನು ಎತ್ಕೋತೀನಿ, ನೀವು ಬಾಗಿಲು ಹಾಕಿ."

ಡಾಕ್ಟರು ಮೂಲೆಯ ಔಷಧಿ ಅಂಗಡಿಯ ಹಿಂದೆಯೇ ಇದ್ದರು. ಕಿವಿಗೆ ದೀಪ ಹಾಕಿ ನೋಡಿ, ಒಳಗೆ ಕೆಂಪಾಗಿದೆ, ಶುರುವಿನಲ್ಲೇ ಬಂದಿರಿ ಎಂದು ಔಷಧಿ ಬರೆದರು. ಅಷ್ಟೇ. ಪವಾಡವೇನೂ ಆಗಲಿಲ್ಲ. ಗುಬ್ಬಿ ದೊಡ್ಡಕ್ಕನ ಕೊರಳ ಸರವನ್ನು ಬಾಯಿಗೆ ಹಾಕಿಕೊಂಡು, ಕೂತ ಭಂಗಿಯಲ್ಲೇ ನಿದ್ದೆಹೋಯಿತು.

ಶುಕ್ರವಾರ ಬೆಳಗ್ಗೆ ಮೇಡಂ ಚಪ್ಪಲಿ ಬಿಡುವ ಮೊದಲೇ ದೊಡ್ಡಕ್ಕ ಹೋಗಿ ನಿಂತಳು. ಬೇರೆಯವರ ಬಾಯಿಂದ ಗೊತ್ತಾಗುವ ಮೊದಲು ತಾನೇ ಹೇಳುವುದು ಒಳ್ಳೆಯದೆಂದು ರಾತ್ರಿಯೇ ಗಂಡ ಹೇಳಿದ್ದ. "ಇಂಜಿನ್ನು ತಾನಾಗೇ ನಿಲ್ಲೋದಕ್ಕಿಂತ ನಾವೇ ಆಫ್ ಮಾಡೋದು ವಾಸಿ" ಎಂಬುದು ಅವನ ವೇದಾಂತ.

"ಮನೆಗೆ ಹೋಗಿದ್ರಾ?" ಮೇಡಂ ಕುರ್ಚಿಯಲ್ಲಿ ಕುಸಿದರು. "ನಿಯಮ ಗೊತ್ತಿದ್ದೂ?"

"ಗೊತ್ತಿದ್ದೂ."

"ನಂಗೆ ಒಂದು ಫೋನ್ ಮಾಡ್ಬಾರದಿತ್ತಾ?"

"ಮಾಡ್ಬೇಕಿತ್ತು. ನಿಮಗೆ ಹೇಳಿದ್ರೆ ಗೇಟು ಹೋಗುತ್ತೆ ಅಂತ ಹೆದರಿದೆ. ಹೆದರಿಕೊಂಡೇ ನಾಲ್ಕು ದಿನ ಎಲ್ಲಾ ಮಕ್ಕಳದ್ದೂ ಮುಚ್ಚಿಟ್ಟೆ ಮೇಡಂ. ನನಗೆ ಪಿಕ್ ಅಪ್ ಅಂದ್ರೆ ಹದಿನಾಲ್ಕು ಅರ್ಥ ಗೊತ್ತು. ಆದ್ರೆ ಕಿವಿ ನೋಯ್ತಿದೆ ಅಂತ ನಾನು ಹೇಳೋದು ನಮ್ಮ ಮಾತಲ್ಲೇ. ಇವತ್ತು ಸಂಜೆ ಹಾಗೇ ಹೇಳ್ತೀನಿ. ಆಮೇಲೆ ನೀವು ಏನು ಮಾಡ್ತೀರೋ ಮಾಡಿ."

ಮೇಡಂ ಕಿಟಕಿಯ ಕಡೆ ತಿರುಗಿದರು. ಆಚೆ ಎದುರು ಬೀದಿಯ ಜಿರಾಫೆಯ ಕತ್ತು ಕಾಣುತ್ತಿತ್ತು.

"ಒಂಬತ್ತು ಮಕ್ಕಳು ಹೋದ್ವು" ಎಂದರು. "ಇನ್ನು ನಾಲ್ಕು ಹೋದ್ರೆ ಬಾಗಿಲು ಹಾಕ್ಬೇಕು. ನನ್ನ ಕಷ್ಟ ನಿಮಗೆ ಅರ್ಥ ಆಗುತ್ತಾ? ನಾಲ್ಕು ಜನ ಇಂಗ್ಲಿಷ್ ಕೇಳ್ತಾರೆ, ನಾನು ಕೊಡ್ಲೇಬೇಕು. ಸೋಮವಾರದಿಂದ ಗೇಟಿಗೆ ಚಿಕ್ಕಕ್ಕ."

ಅಂದುಕೊಂಡದ್ದೇ. ಆದರೂ ಹನ್ನೆರಡು ವರ್ಷ. ಗೇಟಿನ ಚಿಲಕ ಎಲ್ಲಿ ತೇದಿದೆಯೋ ಅಲ್ಲಿ ಅವಳ ಹೆಬ್ಬೆರಳ ಗುರುತಿದೆ.

"ಸರಿ" ಎಂದಳು. "ಒಂದು ಮಾತು. ಗೇಟಿಗೆ ಚಿಕ್ಕಕ್ಕ ಇರ್ಲಿ. ಆದ್ರೆ ಮಗು ನನ್ನ ಕೈಯಿಂದ ಅವಳ ಕೈಗೆ ಹೋಗ್ಲಿ. ತಲೆಯಿಂದ ಕಾಲಿನವರೆಗೆ ನಾನು ಅವಳಿಗೆ ಒಪ್ಪಿಸ್ತೀನಿ. ಅವಳು ಯಾವ ಭಾಷೇಲಿ ಬೇಕಾದ್ರೂ ಗೇಟಲ್ಲಿ ಒಪ್ಪಿಸ್ಲಿ. ಬಾಟ್ಲಿ ಆಮೇಲೆ ತೊಳೀತೀನಿ, ಎಷ್ಟು ಹೊತ್ತಾದ್ರೂ."

ಮೇಡಂ ಪೆನ್ನಿನ ಮುಚ್ಚಳ ತೆಗೆದು ಹಾಕಿದರು, ತೆಗೆದು ಹಾಕಿದರು. "ಸಾಲು ಆರೂವರೆಗೆ ಮುಗೀಬೇಕು" ಎಂದರು. ಅದೇ ಒಪ್ಪಿಗೆ.

ಸೋಮವಾರ ಮಧ್ಯಾಹ್ನದಿಂದಲೇ ಚಿಕ್ಕಕ್ಕನ ಜೀವ ಹಿಂಡಿಹೋಯಿತು. ಒಂದೊಂದು ಮಗುವಿನ ಮುಂದೆಯೂ ದೊಡ್ಡಕ್ಕ ಅವಳನ್ನು ಕೂರಿಸಿದಳು. "ಕಣ್ಣಲ್ಲಿ ನೋಡೋದಲ್ಲ ಹುಡುಗಿ, ಕೈಯಿಟ್ಟು ನೋಡು. ಬೆನ್ನಿನ ಮೇಲೆ ಅಂಗೈ ಇಡು. ಏನು ಗೊತ್ತಾಗ್ತಿದೆ?"

"ಏನೂ ಇಲ್ಲ."

"ಮತ್ತೆ ಇಡು. ಮಾತಾಡ್ಬೇಡ."

"ದೊಡ್ಡಕ್ಕ, ಹದಿನೇಳು ಮಕ್ಕಳಿದಾವೆ. ಹೀಗೇ ನೋಡ್ತಾ ಕೂತ್ರೆ ಇವು ಇಲ್ಲೇ ದೊಡ್ಡವಾಗಿ ಮದುವೆ ಆಗ್ತವೆ."

"ಆಗ್ಲಿ, ಊಟಕ್ಕೆ ಕರೀತಾರೆ. ಬೆನ್ನ ಮೇಲೆ ಕೈ ಇಡು."

ಸಂಜೆ ದೊಡ್ಡಕ್ಕ ಒಳಬಾಗಿಲ ಹತ್ತಿರ ನಿಂತು ಒಂದೊಂದೇ ಮಗುವನ್ನು ವರದಿಯ ಸಮೇತ ದಾಟಿಸಿದಳು. ಚಿಕ್ಕಕ್ಕ ಕೇಳಿಕೊಂಡು ಗೇಟಿಗೆ ಹೋಗಿ ಸೊಗಸಾದ ಇಂಗ್ಲಿಷಿನಲ್ಲಿ ಉದುರಿಸುತ್ತಿದ್ದಳು. ಅಲ್ಲಿಗೆ ಹೋಗುವಷ್ಟರಲ್ಲಿ ಅರ್ಧ ಸೋರಿಹೋಗುತ್ತಿದೆಯೇ ಎಂದು ದೊಡ್ಡಕ್ಕ ಕಿವಿಯಾನಿಸಿ ನಿಂತಳು. ಅಪ್ಪ ಅಮ್ಮಂದಿರ ಮುಖ ಅಲ್ಲಿಂದ ಕಾಣುತ್ತಿರಲಿಲ್ಲ, ಅವರ ಬೂಟು ಚಪ್ಪಲಿ ಮಾತ್ರ ಕಾಣುತ್ತಿದ್ದವು.

ಆರನೆಯದು ಅವಳಿಗಳಲ್ಲಿ ಸಣ್ಣವನು. ದೊಡ್ಡಕ್ಕ ಹೇಳುವ ಮೊದಲೇ ಚಿಕ್ಕಕ್ಕ ಅವನ ಬೆನ್ನಿನ ಮೇಲೆ ಅಂಗೈಯಿಟ್ಟಳು. ಹುಬ್ಬು ಗಂಟಿಕ್ಕಿದಳು. ಇನ್ನೊಮ್ಮೆ ಇಟ್ಟಳು. ದೊಡ್ಡಕ್ಕ ಬೇಕೆಂದೇ ಸುಮ್ಮನಿದ್ದಳು. ಚಿಕ್ಕಕ್ಕ ಮಗುವನ್ನು ಎತ್ತಿಕೊಂಡು ಗೇಟಿಗೆ ಹೋದಳು. ಬಂದಿದ್ದವನು ಟೈ ಕಟ್ಟಿಕೊಂಡ ತಂದೆ, ಮೊದಲ ದಿನದಿಂದಲೂ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡದವನು. ಚಿಕ್ಕಕ್ಕ ಹಾಲು, ನಿದ್ದೆ ಎಲ್ಲ ಸರಾಗವಾಗಿ ಹೇಳಿದಳು. ಆಮೇಲೆ ಎದೆಯ ವಿಷಯಕ್ಕೆ ಬಂದು ತಡವರಿಸಿದಳು. ಒಂದು ಪದ ಹೇಳಿ, ಅದಲ್ಲ ಎಂದು ತಲೆ ಕೊಡವಿದಳು. ಇನ್ನೊಂದು ಹೇಳಿದಳು, ಅದೂ ಅಲ್ಲ. ಮೇಡಂ ಮೇಜಿನ ಹತ್ತಿರದಿಂದ ತಲೆಯೆತ್ತಿದರು.

"ಅಯ್ಯೋ, ಬೆನ್ನಲ್ಲಿ ಗೊರಗೊರ ಅಂತಿದೆ ಸಾರ್" ಎಂದುಬಿಟ್ಟಳು ಚಿಕ್ಕಕ್ಕ. "ಬೆಕ್ಕು ಮಲಗಿರುತ್ತಲ್ಲ, ಹಾಗೆ. ಕೈಯಿಟ್ಟು ನೋಡಿ."

ಬೂಟುಗಳು ಒಂದು ಹೆಜ್ಜೆ ಮುಂದೆ ಬಂದವು.

"ಹೌದಲ್ರೀ" ಎಂದಿತು ಟೈ ಕಟ್ಟಿದವನ ದನಿ. "ಯಾವಾಗಿಂದ?"

"ಮಧ್ಯಾಹ್ನ ಕೈಯಿಟ್ಟು ನೋಡ್ದಾಗ ಇರ್ಲಿಲ್ಲ, ಮಲಗಿ ಎದ್ದ ಮೇಲೆ. ಇವನದ್ದು ಮಾತ್ರ, ಅಣ್ಣನದ್ದು ಸರಿಯಿದೆ. ಹಬೆ ಕೊಡ್ಸಿ, ರಾತ್ರಿ ಜಾಸ್ತಿ ಆದ್ರೆ ಡಾಕ್ಟರಿಗೆ ತೋರ್ಸಿ."

ಮೇಡಂ ಫೋನಿನಲ್ಲಿ ಏನೋ ಬಹಳ ಮುಖ್ಯವಾದದ್ದನ್ನು ನೋಡತೊಡಗಿದರು. ಗೇಟಿನಾಚೆ ಸಾಲು ಉದ್ದವಾಗಿತ್ತು. ಆರೂವರೆ ದಾಟುವುದು ಖಂಡಿತ. ದೊಡ್ಡಕ್ಕ ಒಳಗಿನಿಂದ ಚಿಟ್ಟೆಯನ್ನು ಎತ್ತಿಕೊಂಡಳು.

"ಬಾರೇ ಚಿಕ್ಕಕ್ಕ, ಬೇಗ ಬಾ. ಇವಳದ್ದು ತೊಡೆಯಿಂದ ಶುರುಮಾಡ್ಬೇಕು."